ಎಎಂಎಚ್ 0.68 ಬಂದಿದೆ, ವಯಸ್ಸು 31. ಡೋನರ್ ಎಗ್ ಒಂದೇ ದಾರಿಯಾ?

ಬೆಣ್ಣೆನಗರಿ ಹುಡುಗಿ

ಎಲ್ಲರಿಗೂ ನಮಸ್ಕಾರ. ಇಲ್ಲಿ ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ದಾವಣಗೆರೆ ಕಡೆಯವಳು. ಮದುವೆಯಾಗಿ ಮೂರೂವರೆ ವರ್ಷ, ಒಂದೂವರೆ ವರ್ಷದಿಂದ ಮಗುವಿಗಾಗಿ ಕಾಯುತ್ತಿದ್ದೇವೆ.

ಮೊನ್ನೆ ಸಂಜೆ ದೋಸೆಹಿಟ್ಟು ರುಬ್ಬುತ್ತಿದ್ದಾಗ ಲ್ಯಾಬಿನಿಂದ ರಿಪೋರ್ಟ್ ಮೊಬೈಲಿಗೆ ಬಂತು. ಹಿಟ್ಟಿನ ಕೈಯಲ್ಲೇ ತೆರೆದೆ. ಎಎಂಎಚ್, ಅಂದರೆ ಮೊಟ್ಟೆ ಎಷ್ಟು ಉಳಿದಿದೆ ಅಂತ ಅಂದಾಜು ಮಾಡಲು ನೋಡುವ ಹಾರ್ಮೋನ್, 0.68, ಪಕ್ಕದಲ್ಲಿ ದಪ್ಪಗೆ 'ಲೋ' ಅಂತ ಇತ್ತು. ಗ್ರೈಂಡರ್ ತಿರುಗುತ್ತಲೇ ಇತ್ತು, ನಿಲ್ಲಿಸಬೇಕು ಅಂತಲೂ ಹೊಳೆಯಲಿಲ್ಲ.

ಮರುದಿನ ಡಾಕ್ಟರ್ ನೋಡಿ, "ನಿಮ್ಮ ಮೊಟ್ಟೆ ಮುಗಿಯುತ್ತಾ ಬಂದಿದೆ. ಡೋನರ್ ಎಗ್, ಅಂದರೆ ಬೇರೆ ಹೆಣ್ಣಿನ ಮೊಟ್ಟೆ, ತಗೊಂಡು ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾಡಿಸಿ, ಸಮಯ ಹಾಳು ಮಾಡಬೇಡಿ" ಅಂದರು. ಐದು ನಿಮಿಷದ ಮಾತು ಅಷ್ಟೇ. ಹೊರಗೆ ಬರುವಷ್ಟರಲ್ಲಿ ಪ್ಯಾಕೇಜಿನ ಹಾಳೆ ಕೈಯಲ್ಲಿತ್ತು.

ಉಳಿದ ಹಾರ್ಮೋನ್ ಟೆಸ್ಟ್ ಹೀಗಿವೆ: ಎಫ್‌ಎಸ್‌ಎಚ್ 7.9, ಎಲ್‌ಎಚ್ 4.2, ಎಸ್ಟ್ರಾಡಿಯೋಲ್ 96, ಟಿಎಸ್‌ಎಚ್ 1.1, ಪ್ರೊಲ್ಯಾಕ್ಟಿನ್ 19. ಮುಟ್ಟು 26-27 ದಿನಕ್ಕೆ ಸರಿಯಾಗಿ ಬರುತ್ತದೆ. ಎಫ್‌ಎಸ್‌ಎಚ್ ನಾರ್ಮಲ್ ಇದೆ ಅಲ್ವಾ? ಹಾಗಾದರೆ ಎಎಂಎಚ್ ಯಾಕೆ ಇಷ್ಟು ಕಮ್ಮಿ? ಅತ್ತೆಗೆ ಇನ್ನೂ ಹೇಳಿಲ್ಲ. ಹಬ್ಬ ಬಂದಾಗೆಲ್ಲ "ಏನಾದರೂ ವಿಶೇಷಾನಾ?" ಅಂತ ಕೇಳುವವರಿಗೆ ಈ ನಂಬರನ್ನು ಹೇಗೆ ಹೇಳಲಿ?

ತುಂಗೆಯ ದಡ

ತಂಗಿ, ಮೊದಲು ಊಟ ಮಾಡಿ ಮಲಗು. ನನಗೂ ಹೀಗೇ ಆಗಿತ್ತು. 34ನೇ ವಯಸ್ಸಿಗೆ 0.8 ಬಂದಿತ್ತು. ನನ್ನದೇ ಮೊಟ್ಟೆಯಿಂದ ಎರಡನೇ ಐವಿಎಫ್‌ನಲ್ಲಿ ಮಗ ಹುಟ್ಟಿದ, ಈಗ ಒಂದನೇ ಕ್ಲಾಸು. ಎಲ್ಲರಿಗೂ ಹಾಗೇ ಆಗುತ್ತದೆ ಅಂತ ಹೇಳುತ್ತಿಲ್ಲ. ಆದರೆ ಒಂದೇ ಒಂದು ನಂಬರ್ ನೋಡಿ ಐದು ನಿಮಿಷದಲ್ಲಿ ತೀರ್ಮಾನ ಕೊಡುವ ವಿಷಯ ಇದಲ್ಲ. ಸ್ಕ್ಯಾನ್ ಮಾಡಿ ಎರಡೂ ಓವರಿಯಲ್ಲಿ (ಅಂಡಾಶಯ) ಫಾಲಿಕಲ್, ಅಂದರೆ ಮೊಟ್ಟೆ ಬೆಳೆಯುವ ಸಣ್ಣ ಚೀಲ, ಎಣಿಸಿದರಾ? ನಿನ್ನ ಯಜಮಾನರ ಟೆಸ್ಟ್ ಆಗಿದೆಯಾ?

ಲ್ಯಾಬ್ ಅಕ್ಕ

ನಾನು 14 ವರ್ಷದಿಂದ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಔಷಧಿ ಹೇಳುವ ಅಧಿಕಾರ ನನಗಿಲ್ಲ. ಆದರೆ ನಿಮ್ಮ ರಿಪೋರ್ಟ್ ನೋಡಿದಾಗ ಎರಡು ಪ್ರಶ್ನೆ ಬಂತು. ರಕ್ತ ಕೊಟ್ಟಿದ್ದು ಮುಟ್ಟಾದ ಎಷ್ಟನೇ ದಿನ? ಕೂದಲಿಗೆ ಅಥವಾ ಉಗುರಿಗೆ ಅಂತ ಏನಾದರೂ ಮಾತ್ರೆ ತಗೊಳ್ಳುತ್ತಿದ್ದೀರಾ?

ಬೆಣ್ಣೆನಗರಿ ಹುಡುಗಿ

ಅಕ್ಕ, ಐದನೇ ದಿನ ಕೊಟ್ಟೆ. ಎರಡನೇ ದಿನಕ್ಕೆ ಬನ್ನಿ ಅಂದಿದ್ದರು, ಮನೆಯಲ್ಲಿ ಗೃಹಪ್ರವೇಶ ಇತ್ತು, ಆಗಲಿಲ್ಲ. ಮಾತ್ರೆ ಹೌದು, ಕೂದಲು ಜಾಸ್ತಿ ಉದುರುತ್ತಿತ್ತು ಅಂತ ನಾಲ್ಕು ತಿಂಗಳಿಂದ ಬಯೋಟಿನ್ 10 ಮಿಲಿಗ್ರಾಂ ತಗೊಳ್ಳುತ್ತಿದ್ದೇನೆ. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈ ರಕ್ತ ಪರೀಕ್ಷೆಗೂ ಕೂದಲಿಗೂ ಏನು ಸಂಬಂಧ ಅಂತ ಬಿಟ್ಟೆ.

ಲ್ಯಾಬ್ ಅಕ್ಕ

ನನ್ನ ಅನುಮಾನ ಇದೇ ಆಗಿತ್ತು.

ಹಾರ್ಮೋನ್ ಅಳೆಯುವ ಕೆಲವು ಯಂತ್ರಗಳು ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತವೆ. ದೇಹಕ್ಕೆ ದಿನಕ್ಕೆ ಬೇಕಿರುವುದು ಸುಮಾರು 30 ಮೈಕ್ರೋಗ್ರಾಂ. 10 ಮಿಲಿಗ್ರಾಂ ಅಂದರೆ ಅದರ 300 ಪಟ್ಟಿಗೂ ಜಾಸ್ತಿ. ಅಷ್ಟು ರಕ್ತದಲ್ಲಿ ತೇಲುತ್ತಿದ್ದರೆ ಆ ಅಂಟು ಕೆಲಸ ಮಾಡುವುದಿಲ್ಲ. ಆಗ ಎಎಂಎಚ್, ಎಫ್‌ಎಸ್‌ಎಚ್, ಟಿಎಸ್‌ಎಚ್ ನಿಜಕ್ಕಿಂತ ಕಮ್ಮಿ ತೋರಿಸಬಹುದು. ಎಸ್ಟ್ರಾಡಿಯೋಲ್ ಅಳೆಯುವ ವಿಧಾನ ಬೇರೆ, ಅದು ಉಲ್ಟಾ, ನಿಜಕ್ಕಿಂತ ಜಾಸ್ತಿ ತೋರಿಸಬಹುದು. ನಿಮ್ಮ ರಿಪೋರ್ಟ್ ಇನ್ನೊಂದು ಸಲ ನೋಡಿ. ಎಎಂಎಚ್ ಕಮ್ಮಿ, ಎಸ್ಟ್ರಾಡಿಯೋಲ್ ಜಾಸ್ತಿ.

ಎಲ್ಲ ಯಂತ್ರದಲ್ಲೂ ಹೀಗಾಗುವುದಿಲ್ಲ. ಈಚಿನ ಕಿಟ್‌ಗಳು ಇದನ್ನು ತಡೆದುಕೊಳ್ಳುತ್ತವೆ. ನಿಮ್ಮದು ಯಾವ ಯಂತ್ರ ಅಂತ ನನಗೆ ಗೊತ್ತಿಲ್ಲವಾದ್ದರಿಂದ ಇದೇ ಕಾರಣ ಅಂತ ಹೇಳಲಾರೆ. ಡಾಕ್ಟರಿಗೆ ಹೇಳಿ ಮಾತ್ರೆ ನಿಲ್ಲಿಸಿ, ಒಂದು ವಾರ ಬಿಟ್ಟು ಮತ್ತೆ ಕೊಡಿ. ಎಎಂಎಚ್ ಮುಟ್ಟಿನ ಯಾವ ದಿನ ಕೊಟ್ಟರೂ ಹೆಚ್ಚು ವ್ಯತ್ಯಾಸ ಇಲ್ಲ, ಖಾಲಿ ಹೊಟ್ಟೆಯೂ ಬೇಡ. ಎಫ್‌ಎಸ್‌ಎಚ್ ಮತ್ತು ಎಸ್ಟ್ರಾಡಿಯೋಲ್ ಮಾತ್ರ ಎರಡನೇ ಅಥವಾ ಮೂರನೇ ದಿನವೇ, ಎರಡೂ ಒಟ್ಟಿಗೇ ಕೊಡಬೇಕು.

ನನ್ನದೊಂದು ಬೇಡಿಕೆ ಎಲ್ಲರಲ್ಲೂ. ರಕ್ತ ಕೊಡುವಾಗ ತಗೊಳ್ಳುವ ಎಲ್ಲ ಮಾತ್ರೆ ಹೇಳಿ. ಕೂದಲಿನ ಗಮ್ಮಿ, ಪ್ರೋಟೀನ್ ಪುಡಿ, ಎಲ್ಲ. ನಾವು ಸೂಜಿ ಚುಚ್ಚುವ ಗಡಿಬಿಡಿಯಲ್ಲಿ ಕೇಳುವುದನ್ನು ಮರೆಯುತ್ತೇವೆ. ಅದು ನಮ್ಮ ತಪ್ಪು.

ಮಲೆನಾಡಿನ ಡಾಕ್ಟರ್

ನಾನು ಸ್ತ್ರೀರೋಗ ತಜ್ಞೆ, ಶಿವಮೊಗ್ಗ ಜಿಲ್ಲೆಯಲ್ಲಿದ್ದೇನೆ. ಇಲ್ಲಿ ಬರೆದದ್ದು ಚಿಕಿತ್ಸೆ ಅಲ್ಲ, ನಿಮ್ಮ ಡಾಕ್ಟರ್ ಹತ್ತಿರ ಏನು ಕೇಳಬೇಕು ಅನ್ನುವುದಕ್ಕೆ ಸಹಾಯ ಅಷ್ಟೇ.

ಹೆಣ್ಣುಮಗು ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿರುವಾಗ ಅದರ ಓವರಿಯಲ್ಲಿ 60-70 ಲಕ್ಷ ಅಂಡಾಣು ಇರುತ್ತವೆ. ಹುಟ್ಟುವಾಗ 10-20 ಲಕ್ಷಕ್ಕೆ ಇಳಿಯುತ್ತದೆ, ಮೈನೆರೆಯುವ ಹೊತ್ತಿಗೆ 3-4 ಲಕ್ಷ. ಮುಂದೆ ಹೊಸದು ಹುಟ್ಟುವುದಿಲ್ಲ, ಇದ್ದದ್ದು ಕರಗುತ್ತಾ ಹೋಗುತ್ತದೆ.

ಇದನ್ನು ಭತ್ತದ ಕಣಜ ಅಂದುಕೊಳ್ಳಿ. ಕಣಜದ ಬಾಗಿಲು ತೆರೆದು ಒಳಗೆ ಎಷ್ಟಿದೆ ಅಂತ ನೋಡುವ ಪರೀಕ್ಷೆ ಇಲ್ಲ. ಪ್ರತಿ ತಿಂಗಳೂ ಕಣಜದಿಂದ ಸ್ವಲ್ಪ ಬೀಜ ಸಸಿಮಡಿಗೆ ಬರುತ್ತದೆ. ಎಎಂಎಚ್ ಅನ್ನುವ ಹಾರ್ಮೋನ್ ಬರುವುದು ಆ ಸಸಿಮಡಿಯ ಎಳೆ ಸಸಿಗಳಿಂದ, ಅಂದರೆ ಬೆಳೆಯಲು ಶುರುವಾದ ಸಣ್ಣ ಫಾಲಿಕಲ್‌ಗಳಿಂದ. ಸಸಿ ಎಷ್ಟಿದೆ ನೋಡಿ ಕಣಜದ ಅಂದಾಜು ಮಾಡುತ್ತೇವೆ. ಸಸಿ ಕಮ್ಮಿ ಇದ್ದರೆ ಕಣಜವೂ ಇಳಿದಿರಬಹುದು. ಆದರೆ ಬೀಜದ ಗುಣ ಹೇಗಿದೆ ಅಂತ ಎಎಂಎಚ್ ಹೇಳುವುದಿಲ್ಲ. ಗುಣವನ್ನು ಹೆಚ್ಚಾಗಿ ಹೇಳುವುದು ವಯಸ್ಸು. ಎಎಂಎಚ್ 0.7 ಇರುವ 31 ವರ್ಷದವಳೂ ಅದೇ 0.7 ಇರುವ 41 ವರ್ಷದವಳೂ ಒಂದೇ ಅಲ್ಲ. ಇದನ್ನು ನಾನು ದಿನಾ ಹೇಳುತ್ತೇನೆ, ಎಷ್ಟು ಸಲ ಹೇಳಿದರೂ ಬೇಸರವಿಲ್ಲ.

ಎಫ್‌ಎಸ್‌ಎಚ್ ಬೇರೆ ಕಡೆಯಿಂದ ಬರುವ ಸುದ್ದಿ. ಅದು ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಓವರಿಯನ್ನು ಕೂಗುವ ದನಿ. ಓವರಿ ಬೇಗ ಓಗೊಟ್ಟರೆ ಮೆಲ್ಲಗೆ ಕೂಗಿದರೆ ಸಾಕು. ಓಗೊಡದಿದ್ದರೆ ದನಿ ಏರುತ್ತದೆ. ಎರಡನೇ-ಮೂರನೇ ದಿನ 10 ದಾಟಿದರೆ ನಾವು ಎಚ್ಚರವಾಗುತ್ತೇವೆ. ಆದರೆ ಎಸ್ಟ್ರಾಡಿಯೋಲ್ ಏರಿದ್ದರೆ ಅದು ಆ ಕೂಗನ್ನು ಅದುಮುತ್ತದೆ. ನಿಮ್ಮದು 96, ಅದೂ ಐದನೇ ದಿನ. ಹಾಗಾಗಿ 7.9 ನೋಡಿ ನಾರ್ಮಲ್ ಅಂತ ಸಮಾಧಾನಪಡುವಂತಿಲ್ಲ. ಬಯೋಟಿನ್ ಬೇರೆ ಸೇರಿದೆ. ನಿಮ್ಮ ಈ ರಿಪೋರ್ಟಿನಿಂದ ಒಳ್ಳೆಯದನ್ನೂ ಹೇಳಲಾರೆ, ಕೆಟ್ಟದ್ದನ್ನೂ ಹೇಳಲಾರೆ.

ಮುಟ್ಟಿನ ಮೊದಲ ದಿನಗಳಲ್ಲಿ ಒಳಗಿನಿಂದ ಮಾಡುವ ಸ್ಕ್ಯಾನ್ ಮಾಡಿಸಿ. ಎರಡೂ ಓವರಿಯಲ್ಲಿ 2ರಿಂದ 10 ಮಿಲಿಮೀಟರ್ ಫಾಲಿಕಲ್ ಎಷ್ಟು ಅಂತ ಎಣಿಸುತ್ತಾರೆ. ಇದನ್ನು ಎಎಫ್‌ಸಿ ಅನ್ನುತ್ತೇವೆ. ರಕ್ತ ಮತ್ತು ಸ್ಕ್ಯಾನ್ ಒಂದೇ ಮಾತು ಹೇಳಿದರೆ ನಂಬಿಕೆ ಬರುತ್ತದೆ.

ಇನ್ನೊಂದು ಪ್ರಶ್ನೆ. ಹೊಟ್ಟೆಯ ಆಪರೇಷನ್ ಏನಾದರೂ ಆಗಿದೆಯಾ? ಟಿಬಿ? ತಾಯಿಗೆ ಅಥವಾ ಅಕ್ಕಂದಿರಿಗೆ 40ರ ಒಳಗೆ ಮುಟ್ಟು ನಿಂತಿದೆಯಾ?

ಬೆಣ್ಣೆನಗರಿ ಹುಡುಗಿ

ಮೇಡಂ, ತುಂಬಾ ಥ್ಯಾಂಕ್ಸ್. 25ನೇ ವಯಸ್ಸಲ್ಲಿ ಎಡಗಡೆ ಚಾಕಲೇಟ್ ಸಿಸ್ಟ್ ಅಂತ ಲ್ಯಾಪ್ರೋಸ್ಕೋಪಿ ಆಗಿತ್ತು. ಅದು ಮುಖ್ಯ ಅಂತ ಗೊತ್ತಿರಲಿಲ್ಲ. ಅಮ್ಮನಿಗೆ 49ಕ್ಕೆ ನಿಂತಿದ್ದು.

ಮಲೆನಾಡಿನ ಡಾಕ್ಟರ್

ತುಂಬಾ ಮುಖ್ಯ. ಚಾಕಲೇಟ್ ಸಿಸ್ಟ್ ಅಂದರೆ ಎಂಡೋಮೆಟ್ರಿಯೋಸಿಸ್, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಕಾಯಿಲೆ. ಸಿಸ್ಟಿನ ಪದರ ಸುಲಿಯುವಾಗ ಪಕ್ಕದ ಒಳ್ಳೆಯ ಅಂಗಾಂಶವೂ ಸ್ವಲ್ಪ ಹೋಗುತ್ತದೆ. ಆಪರೇಷನ್ ಆದಮೇಲೆ ಎಎಂಎಚ್ ಇಳಿಯುವುದು ಗೊತ್ತಿರುವ ವಿಷಯ. ಹಳೆಯ ಡಿಸ್ಚಾರ್ಜ್ ಸಮ್ಮರಿ ಹುಡುಕಿ ತಗೊಂಡು ಹೋಗಿ. ಟ್ಯೂಬ್ (ಗರ್ಭನಾಳ) ತೆರೆದಿದೆಯಾ ಅನ್ನುವ ಪರೀಕ್ಷೆಯ ಬಗ್ಗೆಯೂ ಕೇಳಿ.

ರೆಡಿಂಗ್ ಕನ್ನಡತಿ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಬೇರೆ ಬೇರೆ ದೇಶದ ರಿಪೋರ್ಟ್ ಹೋಲಿಸುವವರಿಗೆ ಒಂದು ಮಾತು. ಇಲ್ಲಿ ನನ್ನ ಎಎಂಎಚ್ 5.4 ಬಂತು. ಊರಲ್ಲಿರುವ ನಾದಿನಿಯದು 2.1. ಅವಳಿಗಿಂತ ನನ್ನದು ಎರಡೂವರೆ ಪಟ್ಟು ಅಂತ ನಾಲ್ಕು ತಿಂಗಳು ನಿಶ್ಚಿಂತೆಯಾಗಿದ್ದೆ. ಆಮೇಲೆ ಗೊತ್ತಾಯಿತು, ಇಲ್ಲಿ ಅಳೆಯುವುದು ಪಿಕೊಮೋಲ್‌ನಲ್ಲಿ, ಭಾರತದಲ್ಲಿ ಹೆಚ್ಚಾಗಿ ನ್ಯಾನೋಗ್ರಾಂನಲ್ಲಿ. 7.14ರಿಂದ ಭಾಗಿಸಬೇಕು. ನನ್ನದು ಸುಮಾರು 0.75 ಆಯಿತು. ಆ ನಾಲ್ಕು ತಿಂಗಳನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ನಂಬರಿನ ಪಕ್ಕದ ಸಣ್ಣ ಅಕ್ಷರ ಮೊದಲು ಓದಿ.

ಲ್ಯಾಬ್ ಅಕ್ಕ

ಇದರ ಜೊತೆಗೆ: ಬೇರೆ ಬೇರೆ ಕಂಪನಿಯ ಕಿಟ್‌ನಲ್ಲಿ ಒಂದೇ ರಕ್ತಕ್ಕೆ ಬೇರೆ ಬೇರೆ ಉತ್ತರ ಬರುತ್ತದೆ. ಹೋಲಿಸಬೇಕಿದ್ದರೆ ಒಂದೇ ಲ್ಯಾಬಿನಲ್ಲಿ ಮಾಡಿಸಿ.

ಮೈಸೂರು ಮಲ್ಲಿಗೆ 88

ನನ್ನ ಕತೆ ಉಲ್ಟಾ. ಎಎಂಎಚ್ 9.8. ಎಲ್ಲರೂ 'ನಿನಗೇನಮ್ಮಾ, ಬೇಕಾದಷ್ಟಿದೆ' ಅಂದರು. ಪಿಸಿಓಎಸ್ ಅನ್ನುವ ಹಾರ್ಮೋನ್ ಏರುಪೇರಿನ ತೊಂದರೆ ಇತ್ತು. ಸಣ್ಣ ಫಾಲಿಕಲ್ ರಾಶಿ ಇದ್ದರೂ ಒಂದೂ ಬಲಿಯುತ್ತಿರಲಿಲ್ಲ, ಮುಟ್ಟು ಎರಡು-ಮೂರು ತಿಂಗಳಿಗೊಮ್ಮೆ. ಐವಿಎಫ್‌ನಲ್ಲಿ 27 ಮೊಟ್ಟೆ ಬಂತು. ಆಮೇಲೆ ಹೊಟ್ಟೆ ಉಬ್ಬಿ, ಉಸಿರಾಡಲು ಕಷ್ಟವಾಗಿ ಮೂರು ದಿನ ಅಡ್ಮಿಟ್ ಆದೆ. ಓಎಚ್‌ಎಸ್‌ಎಸ್ ಅಂತಾರೆ. ಮೊಟ್ಟೆ ಬೆಳೆಸುವ ಇಂಜೆಕ್ಷನ್‌ಗೆ ಓವರಿ ಅತಿಯಾಗಿ ಪ್ರತಿಕ್ರಿಯಿಸುವುದು ಅದು. ಹಾಗಾಗಿ ಎಎಂಎಚ್ ಜಾಸ್ತಿ ಇದ್ದವರು ಇಂಜೆಕ್ಷನ್ ಡೋಸ್ ಬಗ್ಗೆ ಕೇಳಲೇಬೇಕು.

ಮಲೆನಾಡಿನ ಡಾಕ್ಟರ್

ಸರಿಯಾಗಿ ಹೇಳಿದಿರಿ. ಎಎಂಎಚ್ ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ. ಇಂಜೆಕ್ಷನ್ ಕೊಟ್ಟರೆ ಎಷ್ಟು ಮೊಟ್ಟೆ ಬರಬಹುದು, ಡೋಸ್ ಎಷ್ಟಿರಬೇಕು, ಯಾರಿಗೆ ಹೊಟ್ಟೆ ಉಬ್ಬುವ ಅಪಾಯ ಅಂತ ಅಂದಾಜು ಮಾಡಲು. 2011ರ ಬೊಲೊನ್ಯಾ ಮಾನದಂಡದಲ್ಲಿ 0.5ರಿಂದ 1.1 ಅನ್ನುವ ಗೆರೆ ಎಳೆದದ್ದೂ ಐವಿಎಫ್‌ನಲ್ಲಿ ಮೊಟ್ಟೆ ಕಮ್ಮಿ ಬರುವವರನ್ನು ಗುರುತಿಸಲು. ತಾಯಿಯಾಗುತ್ತಾಳೋ ಇಲ್ಲವೋ ಅಂತ ಹೇಳಲು ಎಳೆದ ಗೆರೆ ಅಲ್ಲ ಅದು.

ಹುಬ್ಬಳ್ಳಿ ಮಂದಿ

ನಾನು ಗಂಡಸು. ಒಂದು ಮಾತು ಹೇಳಲೇಬೇಕು ಅನಿಸಿತು. ನನ್ನ ಹೆಂಡತಿಗೆ ಎರಡು ವರ್ಷ ಎಲ್ಲ ಟೆಸ್ಟ್ ಆದವು. ರಕ್ತ, ಸ್ಕ್ಯಾನ್, ಟ್ಯೂಬಿಗೆ ಬಣ್ಣ ಬಿಟ್ಟು ಎಕ್ಸ್‌ರೇ. ಆ ಎಕ್ಸ್‌ರೇ ದಿನ ಅವಳು ನೋವಿಗೆ ನನ್ನ ಮುಂಗೈ ಹಿಡಿದ ಉಗುರಿನ ಗುರುತು ಮೂರು ದಿನ ಇತ್ತು. ಎರಡು ವರ್ಷದ ಮೇಲೆ ನನ್ನ ವೀರ್ಯ ಪರೀಕ್ಷೆ ಆಯಿತು. ತೊಂದರೆ ನನ್ನದೇ ಇತ್ತು. ಮೊದಲೇ ಮಾಡಿಸಬಹುದಿತ್ತು. ಡಾಕ್ಟರ್ ಹೇಳಿದ್ದರು, ನಾನೇ ನಾಚಿಕೆಯಿಂದ ಮುಂದೆ ಹಾಕಿದೆ.

ತಂಗೀ, ನಿಮ್ಮ ಯಜಮಾನರಿಗೆ ಈ ನನ್ನ ಮಾತು ತೋರಿಸಿ. ಎರಡರಿಂದ ಏಳು ದಿನ ಅಂತರ ಬಿಟ್ಟು ಸ್ಯಾಂಪಲ್ ಕೊಡಬೇಕು, ಅಷ್ಟೇ. ಸೂಜಿಯೂ ಇಲ್ಲ, ನೋವೂ ಇಲ್ಲ.

ವೈಟ್‌ಫೀಲ್ಡ್ 28

ನನಗೆ ಮದುವೆಯಾಗಿಲ್ಲ, ವಯಸ್ಸು 28. ಆಫೀಸಿನ ಹೆಲ್ತ್ ಪ್ಯಾಕೇಜಿನಲ್ಲಿ ಎಎಂಎಚ್ ಇತ್ತು. 1.6 ಬಂತು. ವಯಸ್ಸಿಗೆ ಕಮ್ಮಿ ಅಂತ ಬರೆದಿದ್ದಾರೆ. ಮುಟ್ಟಿನ ನೋವಿಗೆ ಅಂತ ಎರಡು ವರ್ಷದಿಂದ ಗರ್ಭನಿರೋಧಕ ಮಾತ್ರೆ ತಗೊಳ್ಳುತ್ತಿದ್ದೇನೆ. ಅಮ್ಮನಿಗೆ ಹೇಳಿದರೆ ನಾಳೆಯೇ ಗಂಡು ನೋಡಲು ಶುರು ಮಾಡುತ್ತಾರೆ. ಎಗ್ ಫ್ರೀಜ್ ಮಾಡಿಸಬೇಕಾ?

ಮಲೆನಾಡಿನ ಡಾಕ್ಟರ್

ಗಾಬರಿ ಬೇಡಮ್ಮಾ. ಆ ಮಾತ್ರೆ ತಗೊಳ್ಳುವಾಗ ಎಎಂಎಚ್ ಇಳಿದೇ ಇರುತ್ತದೆ, ನಿಲ್ಲಿಸಿದ ಕೆಲವು ತಿಂಗಳಲ್ಲಿ ಮೇಲೆ ಬರುತ್ತದೆ. ಆದರೆ ನೋವಿಗೆ ಅಂತ ಕೊಟ್ಟ ಮಾತ್ರೆಯನ್ನು ಟೆಸ್ಟಿಗೋಸ್ಕರ ನೀವೇ ನಿಲ್ಲಿಸಬೇಡಿ. ಅಷ್ಟು ನೋವು ಯಾಕೆ ಬರುತ್ತಿತ್ತು ಅಂತ ಯಾರಾದರೂ ನೋಡಿದರಾ? ನನಗೆ 1.6ಕ್ಕಿಂತ ಆ ನೋವೇ ಮುಖ್ಯ ಅನಿಸುತ್ತದೆ.

2017ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು. ಬಂಜೆತನದ ಇತಿಹಾಸ ಇಲ್ಲದ, ಆಗಷ್ಟೇ ಮಗುವಿಗೆ ಪ್ರಯತ್ನ ಶುರುಮಾಡಿದ 30ರಿಂದ 44 ವರ್ಷದ ಸುಮಾರು 750 ಹೆಂಗಸರನ್ನು ನೋಡಿದರು. ಎಎಂಎಚ್ 0.7ಕ್ಕಿಂತ ಕಮ್ಮಿ ಇದ್ದವರೂ ಉಳಿದವರಷ್ಟೇ ಬಸಿರಾದರು. ಅಮೆರಿಕದ ಸ್ತ್ರೀರೋಗ ತಜ್ಞರ ಕಾಲೇಜು 2019ರಲ್ಲಿ ಇದನ್ನೇ ಹೇಳಿತು: ತೊಂದರೆ ಇಲ್ಲದವರಿಗೆ ಮುಂದೆ ಮಗುವಾಗುತ್ತದಾ ಅಂತ ಹೇಳಲು ಈ ಪರೀಕ್ಷೆ ಬಳಸಬೇಡಿ ಅಂತ. ತಿಂಗಳಿಗೆ ಬೇಕಿರುವುದು ಒಂದೇ ಒಳ್ಳೆಯ ಮೊಟ್ಟೆ ಅಲ್ವಾ?

ಬೆಣ್ಣೆನಗರಿಯವರಿಗೆ ಈ ಸಮಾಧಾನವನ್ನು ಪೂರ್ತಿ ಹೇಳಲಾರೆ. ಅವರು ಒಂದೂವರೆ ವರ್ಷ ಪ್ರಯತ್ನಿಸಿದ್ದಾರೆ, ಎಂಡೋಮೆಟ್ರಿಯೋಸಿಸ್ ಇದೆ. ಅವರ ವಿಷಯದಲ್ಲಿ ಸುಮ್ನೆ ಕಾಯುವುದೂ ತಪ್ಪು.

ಹೊಲದ ಬದು

ನಮ್ಮ ಅತ್ತಿಗೆಗೆ 0.9 ಇತ್ತು. ಯಾರೋ ಹೇಳಿದರು ಅಂತ ಡಿಎಚ್‌ಇಎ ಮಾತ್ರೆ, ಜೊತೆಗೆ ಒಂದು ಕಷಾಯ ಮೂರು ತಿಂಗಳು ತಗೊಂಡರು. 1.3 ಆಯಿತು. ನೀವೂ ನೋಡಿ.

ಮಲೆನಾಡಿನ ಡಾಕ್ಟರ್

ನಿಮ್ಮ ಕಾಳಜಿ ಅರ್ಥವಾಗುತ್ತದೆ. ಆದರೆ ಏನೂ ತಗೊಳ್ಳದಿದ್ದರೂ ಎಎಂಎಚ್ ತಿಂಗಳಿಂದ ತಿಂಗಳಿಗೆ ಅಷ್ಟು ಏರಿಳಿಯುತ್ತದೆ. ಡಿಎಚ್‌ಇಎ ಒಂದು ಹಾರ್ಮೋನ್, ಮೊಡವೆ, ಮುಖದ ಕೂದಲು ಬರಬಹುದು. ಕೆಲವು ಡಾಕ್ಟರುಗಳು ಕೊಡುತ್ತಾರೆ, ಲಾಭದ ಪುರಾವೆ ಇನ್ನೂ ಗಟ್ಟಿ ಇಲ್ಲ. ಅಂಗಡಿಯಿಂದ ತಾವೇ ತಂದು ತಗೊಳ್ಳಬೇಡಿ. ಓವರಿಗೆ ಪಿಆರ್‌ಪಿ (ತಮ್ಮದೇ ರಕ್ತದಿಂದ ತೆಗೆದ ದ್ರವ) ಚುಚ್ಚಿ ಮೊಟ್ಟೆ ಹೆಚ್ಚಿಸುತ್ತೇವೆ ಅನ್ನುವುದೂ ಇನ್ನೂ ಸಾಬೀತಾಗಿಲ್ಲ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ, ಅದು ಬಿಡಬೇಡಿ. ಬೀಡಿ ಸಿಗರೇಟು ಮನೆಯಲ್ಲಿ ಯಾರಿಗೂ ಬೇಡ.

ಮಡಿಲು ತುಂಬಿತು

ಡೋನರ್ ಎಗ್ ಅನ್ನುವ ಮಾತು ಬಂದಾಗೆಲ್ಲ ಇಲ್ಲಿ ಎಲ್ಲರೂ ಬೆಚ್ಚಿಬೀಳುತ್ತಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನನಗೆ 33ಕ್ಕೇ ಮುಟ್ಟು ನಿಂತಿತು. ಎಫ್‌ಎಸ್‌ಎಚ್ 58, ಎರಡು ಸಲವೂ. ಎಎಂಎಚ್ ಅಳತೆಗೇ ಸಿಗಲಿಲ್ಲ. ಒಂದು ವರ್ಷ ಅಳುತ್ತಲೇ ಇದ್ದೆ. ಆಮೇಲೆ ಡೋನರ್ ಎಗ್‌ನಿಂದ ಮಗಳು ಹುಟ್ಟಿದಳು. ಒಂಬತ್ತು ತಿಂಗಳು ಹೊತ್ತವಳು ನಾನು, ಹಾಲೂಡಿಸಿದವಳು ನಾನು. ಈಗ ನಾಲ್ಕು ವರ್ಷ. ಜಡೆ ಹಾಕಲು ಕೂತರೆ ನನ್ನ ಹಾಗೇ ತಲೆ ಎಡಕ್ಕೆ ವಾಲಿಸುತ್ತಾಳೆ. ಅತ್ತೆ ನೋಡಿ 'ಥೇಟ್ ನೀನೇ' ಅನ್ನುತ್ತಾರೆ. ಅವರಿಗೆ ಎಲ್ಲ ಗೊತ್ತು.

ಆ ದಾರಿ ನನಗೆ ಬೇಕಿತ್ತು, ಸಿಕ್ಕಿತು. ಆದರೆ ಅದನ್ನು ಬೇಕಿಲ್ಲದವಳ ಕೈಗೆ ಐದು ನಿಮಿಷದಲ್ಲಿ ಕೊಡುವುದು ಕಂಡರೆ ಸಿಟ್ಟು ಬರುತ್ತದೆ. ಮೊಟ್ಟೆ ಕೊಡುವ ಹುಡುಗಿಯೂ ಒಬ್ಬಳು ಮನುಷ್ಯಳು. ಇಂಥ ಸಂತಾನ ಚಿಕಿತ್ಸೆಗಾಗಿ ಬಂದ 2021ರ ಕಾಯ್ದೆ ಪ್ರಕಾರ ಅವಳಿಗೆ 23ರಿಂದ 35 ವರ್ಷ ಇರಬೇಕು, ಜೀವನದಲ್ಲಿ ಒಂದೇ ಸಲ ಕೊಡಬಹುದು, ಏಳಕ್ಕಿಂತ ಹೆಚ್ಚು ಮೊಟ್ಟೆ ತೆಗೆಯುವಂತಿಲ್ಲ, ಮಾರಾಟ ಮಾಡುವಂತಿಲ್ಲ. ನೀವು ಹೋಗುವ ಕ್ಲಿನಿಕ್ ಆ ಕಾಯ್ದೆಯಡಿ ನೋಂದಣಿ ಆಗಿದೆಯಾ ಅಂತ ಸರ್ಟಿಫಿಕೇಟ್ ಕೇಳಿ ನೋಡಿ.

ಬೆಣ್ಣೆನಗರಿ ಹುಡುಗಿ (ಐದು ವಾರದ ನಂತರ)

ಎಲ್ಲರಿಗೂ ಉತ್ತರ ಕೊಡಲು ಆಗಿರಲಿಲ್ಲ, ಕ್ಷಮಿಸಿ. ಬೇರೆ ಊರಿನ ಬೇರೆ ಡಾಕ್ಟರ್ ಹತ್ತಿರ ಹೋದೆವು. ಹಳೆಯ ಡಿಸ್ಚಾರ್ಜ್ ಸಮ್ಮರಿ ಅಮ್ಮನ ಮನೆಯ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗೆ ಸಿಕ್ಕಿತು.

ಬಯೋಟಿನ್ ನಿಲ್ಲಿಸಿ, ಎರಡನೇ ದಿನ ರಕ್ತ ಕೊಟ್ಟೆ. ಎಎಂಎಚ್ 0.94. ಎಫ್‌ಎಸ್‌ಎಚ್ 11.3, ಎಸ್ಟ್ರಾಡಿಯೋಲ್ 41. ಸ್ಕ್ಯಾನ್‌ನಲ್ಲಿ ಬಲಗಡೆ ಐದು, ಎಡಗಡೆ ಎರಡು. ಡಾಕ್ಟರ್ ಸ್ಕ್ರೀನ್ ನನ್ನ ಕಡೆ ತಿರುಗಿಸಿ ಒಂದೊಂದನ್ನೂ ಬೆರಳಿಟ್ಟು ತೋರಿಸಿದರು. ಕಪ್ಪು ದ್ರಾಕ್ಷಿಯ ಹಾಗೆ ಕಂಡವು. ನಾನೂ ಜೊತೆಗೇ ಎಣಿಸಿದೆ.

ಅಂದರೆ ಕಮ್ಮಿ ಇರುವುದು ನಿಜ. ಎಫ್‌ಎಸ್‌ಎಚ್ ಚೆನ್ನಾಗಿಲ್ಲ. ಅದನ್ನು ಒಪ್ಪಿಕೊಳ್ಳಲು ಎರಡು ದಿನ ಬೇಕಾಯಿತು. ಆದರೆ ಮುಗಿದಿಲ್ಲ.

ಹುಬ್ಬಳ್ಳಿ ಅಣ್ಣನ ಮಾತು ಇವರಿಗೆ ಓದಿಸಿದೆ. ಏನೂ ಮಾತಾಡಲಿಲ್ಲ. ಸೋಮವಾರ ತಾವೇ ಹೋಗಿ ಟೆಸ್ಟ್ ಕೊಟ್ಟು ಬಂದರು. ಮಿಲಿಲೀಟರಿಗೆ 90 ಲಕ್ಷ ವೀರ್ಯಾಣು ಇದೆ. 1 ಕೋಟಿ 60 ಲಕ್ಷವಾದರೂ ಇರಬೇಕಂತೆ. ಚಲನೆಯೂ ಕಮ್ಮಿ. ಮೊದಲಿನ ಕಡೆ ಡೋನರ್ ಎಗ್ ಹಾಕಿದ್ದರೂ ಇದು ಹಾಗೇ ಉಳಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗ ನಮ್ಮದೇ ಮೊಟ್ಟೆ, ನಮ್ಮದೇ ವೀರ್ಯದಿಂದ ಇಕ್ಸಿ (ಒಂದು ವೀರ್ಯಾಣುವನ್ನು ಸೂಜಿಯಿಂದ ಮೊಟ್ಟೆಯೊಳಗೆ ಬಿಡುವುದು) ಮಾಡೋಣ, ತಡ ಮಾಡುವುದು ಬೇಡ ಅಂದಿದ್ದಾರೆ. ಮೊಟ್ಟೆ ಕಮ್ಮಿ ಬರಬಹುದು, ಎರಡು ಸುತ್ತು ಬೇಕಾಗಬಹುದು ಅಂತ ಮೊದಲೇ ಹೇಳಿದರು. ಅತ್ತೆಗೆ ಇಬ್ಬರೂ ಕೂತು ಹೇಳಿದೆವು. ಅವರು ಸುಮ್ನೆ ಕೇಳಿ, ಒಳಗೆ ಹೋಗಿ ಎರಡು ಲೋಟ ಕಾಫಿ ತಂದರು. ಆವತ್ತಿನಿಂದ 'ವಿಶೇಷಾನಾ' ಅಂತ ಕೇಳಿಲ್ಲ.

ತುಂಗೆಯ ದಡ

ತಂಗಿ, ಅದನ್ನು ಓದಿ ಕಣ್ಣು ತುಂಬಿತು. ಇಂಜೆಕ್ಷನ್ ಯಾವಾಗ ಶುರು?

ಬೆಣ್ಣೆನಗರಿ ಹುಡುಗಿ (ಎರಡು ತಿಂಗಳ ನಂತರ)

ಮೊದಲ ಸುತ್ತು ಮುಗಿಯಿತು. ಐದು ಮೊಟ್ಟೆ ಬಂತು, ನಾಲ್ಕು ಬಲಿತಿದ್ದವು, ಮೂರು ಫಲಿತವಾದವು. ಐದನೇ ದಿನಕ್ಕೆ ಎರಡು ಭ್ರೂಣ ಉಳಿದವು, ಫ್ರೀಜ್ ಮಾಡಿದ್ದಾರೆ. ಮುಂದಿನ ತಿಂಗಳು ಎರಡನೇ ಸುತ್ತು, ಆಮೇಲೆ ಭ್ರೂಣವನ್ನು ಗರ್ಭಕೋಶಕ್ಕೆ ಹಾಕುವ ಟ್ರಾನ್ಸ್‌ಫರ್.

ಲ್ಯಾಬ್ ಅಕ್ಕ, ಒಂದು ಕೇಳಬೇಕಿತ್ತು. ಈ ಸಲ ಇಂಜೆಕ್ಷನ್‌ಗಳನ್ನು ತವರಿಗೆ ತಗೊಂಡು ಹೋಗಬೇಕು, ಬಸ್ಸಿನಲ್ಲಿ ನಾಲ್ಕು ತಾಸು. ಫ್ರಿಡ್ಜಿನಲ್ಲಿ ಇಡಿ ಅಂತ ಬರೆದಿದೆ. ಹೇಗೆ ಒಯ್ಯಲಿ?

ಲ್ಯಾಬ್ ಅಕ್ಕ

ಮೆಡಿಕಲ್ ಶಾಪಿನಲ್ಲಿ ಥರ್ಮಾಕೋಲ್ ಡಬ್ಬಿ, ಐಸ್ ಜೆಲ್ ಪ್ಯಾಕ್ ಕೇಳಿ, ಕೊಡುತ್ತಾರೆ. ಜೆಲ್ ಪ್ಯಾಕಿಗೆ ಇಂಜೆಕ್ಷನ್ ನೇರ ತಾಗಬಾರದು, ಹೆಪ್ಪುಗಟ್ಟಿದರೆ ಔಷಧಿ ಕೆಡುತ್ತದೆ. ನಡುವೆ ದಪ್ಪ ಟವೆಲ್ ಸುತ್ತಿ. ಮುಚ್ಚಳಕ್ಕೆ ಟೇಪ್ ಹಾಕಿ, ಡಬ್ಬಿ ತೊಡೆಯ ಮೇಲೇ ಇರಲಿ, ಕಿಟಕಿಯ ಬಿಸಿಲು ಬೀಳದ ಕಡೆ ಕೂತುಕೋ. ಮನೆ ಮುಟ್ಟಿದ ಕೂಡಲೇ ಫ್ರಿಡ್ಜಿನ ನಡುವಿನ ತಟ್ಟೆಯಲ್ಲಿಡು, ಬಾಗಿಲಲ್ಲಿ ಬೇಡ. ಹೊರಡುವ ದಿನ ಹೇಳು.